ಮೈದಾನ ಬದಲಾದರೆ ಲೆಕ್ಕವೂ ಬದಲು

ಕಬಡ್ಡಿಯ ಅಂಕಣ ಕಣಕುಂಬಿಯ ಶಾಲೆಯ ಬಯಲಿನಲ್ಲಿದ್ದರೂ ಒಂದೇ, ದೆಹಲಿಯ ಒಳಾಂಗಣದಲ್ಲಿದ್ದರೂ ಒಂದೇ. ಪುರುಷರ ಆಟಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಕ್ರಿಕೆಟ್ ಪಿಚ್ ಎಲ್ಲಿ ಹೋದರೂ 22 ಗಜ. ಈ ಸಾಲಿಗೆ ಸೇರದ ಒಂದು ಆಟವಿದೆ, ಅದು ಗಾಲ್ಫ್. ಅಲ್ಲಿ ಚೆಂಡು ಬೀಳಬೇಕಾದ ಕುಳಿಯ ವ್ಯಾಸ 108 ಮಿಲಿಮೀಟರ್ ಎಂದು ಗೊತ್ತುಮಾಡಿದ್ದಾರೆ. ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ಆಟಗಾರನ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳಿರಬಾರದು. ಇಷ್ಟನ್ನು ಬಿಟ್ಟರೆ ಮೈದಾನದ ಉದ್ದ, ಅಗಲ, ಏರು, ತಗ್ಗು, ಮರ, ಕೆರೆ, ಮರಳು ಎಲ್ಲವೂ ಆಯಾ ಊರಿನ ನೆಲ ಕೊಟ್ಟದ್ದು. ಹೀಗಾಗಿ ಒಂದು ಮೈದಾನದಲ್ಲಿ ಪಳಗಿದ ಹವ್ಯಾಸಿ ಆಟಗಾರ ಇನ್ನೊಂದು ಊರಿಗೆ ಹೋದಾಗ ಅರ್ಧ ಆಟವನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಗಾಲ್ಫ್ ಶ್ರೀಮಂತರ ಆಟ, ಅದರಿಂದ ನಮಗೇನು ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಮುಂದೆ ಬರುತ್ತೇನೆ. ಸದ್ಯಕ್ಕೆ ಇದನ್ನು ಒಂದು ದೊಡ್ಡ ಬಯಲು ಪ್ರಯೋಗಶಾಲೆ ಎಂದುಕೊಳ್ಳಿ. ಚೆಂಡು ಒಂದೇ, ಕೋಲು ಒಂದೇ, ಹೊಡೆಯುವ ಕೈಯೂ ಒಂದೇ. ಬದಲಾಗುವುದು ಸ್ಥಳ ಮಾತ್ರ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬಗಳಲ್ಲಿ. ಸೇಂಟ್ ಆಂಡ್ರೂಸ್ ಎಂಬ ಊರಿನ ಮೈದಾನದಲ್ಲಿ 1764ರಲ್ಲಿ 22 ಕುಳಿಗಳ ಸುತ್ತನ್ನು 18ಕ್ಕೆ ಇಳಿಸಿದರು. ಅದೇ ಮುಂದೆ ಎಲ್ಲರ ಪದ್ಧತಿಯಾಯಿತು. ಬ್ರಿಟಿಷರ ಜೊತೆ ಆಟ ಭಾರತಕ್ಕೂ ಬಂತು. 1829ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಕ್ಲಬ್, ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹುಟ್ಟು 1876ರಲ್ಲಿ. ದಂಡು ಇದ್ದಲ್ಲಿ, ಗಣಿ ಇದ್ದಲ್ಲಿ, ಕಾಫಿ ತೋಟ ಇದ್ದಲ್ಲಿ ಗಾಲ್ಫ್ ಬೇರೂರಿತು. ಬೆಳಗಾವಿ, ಕೋಲಾರದ ಚಿನ್ನದ ಗಣಿ, ಕೊಡಗು, ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾರಣ ನಿಮಗೇ ಹೊಳೆಯುತ್ತದೆ.

ಮೊದಲು ಗಾಳಿಯ ಮಾತು. ಸಮುದ್ರಮಟ್ಟಕ್ಕೆ ಹತ್ತಿರವಿರುವ ಮಂಗಳೂರಿನ ಪಿಲಿಕುಳದ ಮೈದಾನದಲ್ಲಿ ನೀವು 200 ಮೀಟರ್ ದೂರ ಚೆಂಡು ಹೊಡೆಯಬಲ್ಲಿರಿ ಎಂದುಕೊಳ್ಳೋಣ. ಅದೇ ಹೊಡೆತಕ್ಕೆ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಚೆಂಡು ಐದಾರು ಮೀಟರ್ ಮುಂದೆ ಬೀಳುತ್ತದೆ. 900 ಮೀಟರ್ ಮೀರಿದ ಬೆಂಗಳೂರಿನಲ್ಲಿ ಏಳು ಮೀಟರ್ ಮುಂದೆ. 2,200 ಮೀಟರ್ ದಾಟಿದ ಊಟಿಯಲ್ಲಾದರೆ ಹದಿನಾರು ಹದಿನೇಳು ಮೀಟರ್ ಮುಂದೆ. ಇವು ಆಟಗಾರರು ಬಳಸುವ ಅಂದಾಜಿನ ಸೂತ್ರದಿಂದ ಬಂದ ಅಂಕಿಗಳು, ಗಾಳಿ ಬೀಸದ ದಿನಕ್ಕೆ ಮಾತ್ರ ಹೊಂದುತ್ತವೆ. ಕಾರಣ ಸರಳ: ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಚೆಂಡನ್ನು ತಡೆಯುವ ಶಕ್ತಿ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಸಂದೇಹ ಬರಬೇಕು. ಊಟಿಯ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಐದನೇ ಒಂದು ಭಾಗದಷ್ಟು ತೆಳು. ಹಾಗಿದ್ದರೆ ಚೆಂಡಿನ ದೂರವೂ ಶೇಕಡಾ 20ರಷ್ಟು ಹೆಚ್ಚಬೇಕಲ್ಲ, ಶೇಕಡಾ 8ರ ಆಸುಪಾಸಿಗೆ ನಿಲ್ಲುವುದೇಕೆ? ಗಾಲ್ಫ್ ಚೆಂಡಿಗೆ ಗಾಳಿ ಶತ್ರುವೂ ಹೌದು, ಮಿತ್ರನೂ ಹೌದು. ಕೋಲಿನ ಓರೆಯಾದ ಮುಖ ತಾಗಿದಾಗ ಚೆಂಡು ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತ ಹಾರುತ್ತದೆ. ಅದರ ಮೇಲ್ಭಾಗದ ಗಾಳಿ ವೇಗವಾಗಿ, ಕೆಳಭಾಗದ್ದು ನಿಧಾನವಾಗಿ ಸಾಗಿ, ಚೆಂಡಿಗೆ ಮೇಲ್ಮುಖ ಎತ್ತುಬಲ ಸಿಗುತ್ತದೆ. ತೆಳುಗಾಳಿಯಲ್ಲಿ ತಡೆ ಕಡಿಮೆಯಾದಂತೆ ಈ ಎತ್ತುಬಲವೂ ಕಡಿಮೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಸ್ವಲ್ಪ ಕಿತ್ತುಕೊಳ್ಳುತ್ತದೆ. ಈ ತಿರುಗಾಟದ ಮಹತ್ವವನ್ನು ಗಣಿತದಲ್ಲಿ ಬಿಡಿಸಿಟ್ಟವರು ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್, 1890ರ ದಶಕದಲ್ಲಿ. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಚಾಂಪಿಯನ್. ತಂದೆ ಸೂತ್ರ ಬರೆದರೆ ಮಗ ಹೊಡೆದು ತೋರಿಸಿದ ಮನೆ ಅದು!

ಚೆಂಡಿನ ಮೈಮೇಲಿನ ಗುಳಿಗಳ ಕಥೆಯೂ ಗಾಳಿಯದೇ. 1848ರ ಹೊತ್ತಿಗೆ ಮಲಯದ ಗಟ್ಟಾಪರ್ಚಾ ಮರದ ಅಂಟಿನಿಂದ ನುಣುಪಾದ ಚೆಂಡುಗಳು ಬಂದವು. ಹೊಸ ಚೆಂಡಿಗಿಂತ ಏಟು ತಿಂದು ಗೀರುಬಿದ್ದ ಹಳೆಯ ಚೆಂಡೇ ಚೆನ್ನಾಗಿ ಹಾರುವುದನ್ನು ಆಟಗಾರರು ಕಂಡರು. ಗೀರುಗಳನ್ನು ಬೇಕೆಂದೇ ಕೊರೆಯುತ್ತ ಹೋದದ್ದು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಗುಳಿಗಳ ರೂಪ ತಾಳಿತು. ಇಂದಿನ ಚೆಂಡಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಗುಳಿಗಳಿರುತ್ತವೆ. ಗುಳಿಗಳು ಚೆಂಡಿಗೆ ಅಂಟಿದ ಗಾಳಿಯ ಪದರವನ್ನು ಕದಡುತ್ತವೆ. ಕದಡಿದ ಪದರ ಚೆಂಡಿನ ಹಿಂಭಾಗದವರೆಗೂ ಅಂಟಿಕೊಂಡು ಹೋಗುವುದರಿಂದ ಹಿಂದೆ ಉಳಿಯುವ ಸುಳಿ ಕಿರಿದಾಗಿ, ತಡೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನುಣುಪಾದದ್ದು ವೇಗವಾಗಿ ಹೋಗುತ್ತದೆ ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ಇಲ್ಲಿ ಕೈಕೊಡುತ್ತದೆ.

ನನ್ನ ವೃತ್ತಿಯ ಮಾತೊಂದನ್ನು ಸೇರಿಸುತ್ತೇನೆ. ಗಂಟೆಗೆ 200 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹಾರುವ ನಿಂಬೆಹಣ್ಣಿನ ಗಾತ್ರದ ಬಿಳಿ ಚೆಂಡನ್ನು ಮೋಡ ಕವಿದ ಬಿಳಿ ಆಕಾಶದಲ್ಲಿ ಕ್ಯಾಮೆರಾ ಹಿಂಬಾಲಿಸುವುದು ಬಹಳ ಕಷ್ಟ. ಅನುಭವಿ ಛಾಯಾಗ್ರಾಹಕರು ಚೆಂಡಿನ ಹಿಂದೆ ಓಡುವುದಿಲ್ಲ. ಅದು ಎಲ್ಲಿ ಬೀಳಬಹುದೆಂದು ಊಹಿಸಿ ಅಲ್ಲಿ ಕಾಯುತ್ತಾರೆ. ಆ ಊಹೆಯ ಹಿಂದೆ ಇರುವುದು ನೀವು ಪಿ.ಯು.ಸಿ.ಯಲ್ಲಿ ಓದುವ ಉತ್ಕ್ಷೇಪ ಚಲನೆಯೇ.

ತೇವದ ಗಾಳಿಯಲ್ಲಿ ಚೆಂಡು ಭಾರವಾಗಿ ಹಾರುತ್ತದೆ ಎಂದು ಅನೇಕ ಆಟಗಾರರು ಹೇಳುವುದುಂಟು. ಲೆಕ್ಕ ಹಾಕಿ ನೋಡಿ. ನೀರಿನ ಅಣುತೂಕ 18, ಒಣಗಾಳಿಯ ಸರಾಸರಿ ಅಣುತೂಕ ಸುಮಾರು 29. ಭಾರವಾದ ಅಣುಗಳ ಜಾಗವನ್ನು ಹಗುರವಾದವು ಹಿಡಿದರೆ ಗಾಳಿ ಹಗುರವಾಗಲೇಬೇಕು. ಅಂದರೆ ಆಷಾಢದ ಗಾಳಿ ಒಣಗಾಳಿಗಿಂತ ತುಸು ತೆಳು. ವ್ಯತ್ಯಾಸ ತೀರ ಚಿಕ್ಕದು, ಆಟದಲ್ಲಿ ಕಾಣುವಷ್ಟಲ್ಲ. ಚೆಂಡನ್ನು ಕಟ್ಟಿಹಾಕುವುದು ಒದ್ದೆಯಾದ ಕೋಲು ಮತ್ತು ನೆಲ.

ನೆಲದ ಮಾತಿಗೆ ಬರೋಣ, ಏಕೆಂದರೆ ಹವ್ಯಾಸಿಯ ಅರ್ಧಕ್ಕರ್ಧ ಪಾಡು ಅಲ್ಲೇ ಇದೆ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗವನ್ನು ಗ್ರೀನ್ ಎನ್ನುತ್ತಾರೆ. ಚಳಿ ನಾಡಿನಲ್ಲಿ ಒಂದು ಬಗೆಯ ಹುಲ್ಲಾದರೆ, ಬಿಸಿ ನಾಡಿನಲ್ಲಿ ಹೆಚ್ಚಾಗಿ ಬರ್ಮುಡಾ ಹುಲ್ಲು. ಹೆಸರು ದೂರದ್ದಾದರೂ ಅದು ನಿಮಗೆ ಚೆನ್ನಾಗಿ ಗೊತ್ತು. ಗಣೇಶನಿಗೆ ಏರಿಸುವ ಗರಿಕೆಯೇ ಅದು. ಗ್ರೀನ್‌ಗಳಿಗೆ ಅದರ ಮಿಶ್ರತಳಿಗಳನ್ನು ಬೆಳೆಸಿ ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಚೆಂಡು ಉರುಳುವ ದೂರ ಬದಲಾಗುತ್ತದೆ.

ನೀರಿಲ್ಲದ ಊರುಗಳಲ್ಲಿ ಗ್ರೀನ್ ಇಲ್ಲ, ‘ಬ್ರೌನ್’ ಇದೆ. ಮರಳಿಗೆ ಎಣ್ಣೆ ಬೆರೆಸಿ, ಹಲಗೆ ಎಳೆದು ಸಮಮಾಡಿದ ಕಂದು ವೃತ್ತ. ಬ್ರೌನ್ ಮೇಲೆ ಆಡಿ ಪಳಗಿದವನಿಗೆ ನಗರದ ಗ್ರೀನ್ ಮೇಲೆ ಚೆಂಡು ಜಾರಿ ಓಡಿದಂತೆ ಕಾಣುತ್ತದೆ. ಗ್ರೀನ್‌ನವನಿಗೆ ಬ್ರೌನ್ ಮೇಲೆ ಚೆಂಡು ಅಂಟಿ ನಿಂತಂತೆ. ಆಸ್ಟ್ರೇಲಿಯದ ಮರುಭೂಮಿಯ ಕೂಬರ್ ಪೀಡಿ ಎಂಬ ಗಣಿಯೂರಿನ ಮೈದಾನದಲ್ಲಿ ಹುಲ್ಲೇ ಇಲ್ಲ. ಆಟಗಾರರು ಅಂಗೈಯಗಲದ ಕೃತಕ ಹುಲ್ಲಿನ ತುಂಡನ್ನು ಜೊತೆಗೆ ಒಯ್ದು ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಹಗಲ ಬಿಸಿಲು ತಾಳಲಾಗದವರು ರಾತ್ರಿ ಮಿನುಗುವ ಚೆಂಡುಗಳಲ್ಲಿ ಆಡುತ್ತಾರೆ.

ಗ್ರೀನ್‌ನ ವೇಗ ಅಳೆಯಲು ಸ್ಟಿಂಪ್‌ಮೀಟರ್ ಎಂಬ ಸರಳ ಸಲಕರಣೆಯಿದೆ. ಎಡ್ವರ್ಡ್ ಸ್ಟಿಂಪ್‌ಸನ್ ಎಂಬ ಅಮೆರಿಕದ ಹವ್ಯಾಸಿ ಆಟಗಾರರು 1935ರಲ್ಲಿ ಇದನ್ನು ಯೋಚಿಸಿದರು. ಗಾಡಿ ಕೊರೆದ ಪಟ್ಟಿಯೊಂದನ್ನು ನಿಧಾನವಾಗಿ ಎತ್ತಿದರೆ ಸುಮಾರು 20 ಡಿಗ್ರಿ ಓರೆಯಲ್ಲಿ ಚೆಂಡು ತಾನಾಗಿ ಜಾರಿ ನೆಲದ ಮೇಲೆ ಉರುಳುತ್ತದೆ. ಎಷ್ಟು ಅಡಿ ಉರುಳಿತೋ ಅದೇ ವೇಗದ ಅಂಕ. ಇದನ್ನು ನೀವೂ ಮಾಡಬಹುದು. ಪ್ಲಾಸ್ಟಿಕ್ ಕೊಳವೆಯನ್ನು ಉದ್ದಕ್ಕೆ ಸೀಳಿ ಪ್ರತಿಬಾರಿಯೂ ಒಂದೇ ಓರೆಯಲ್ಲಿ ಹಿಡಿಯಿರಿ, ಒಂದೇ ಎತ್ತರದಿಂದ ಗೋಲಿ ಬಿಡಿ. ಮನೆಯ ರೆಡ್‌ಆಕ್ಸೈಡ್ ನೆಲ, ಚಾಪೆ, ಸೆಗಣಿ ಸಾರಿಸಿದ ಅಂಗಳ, ಶಾಲೆಯ ಬಯಲು, ನಾಲ್ಕರಲ್ಲೂ ದೂರ ಅಳೆದು ಬರೆದಿಡಿ. ಎದುರು ದಿಕ್ಕಿನಲ್ಲೂ ಒಮ್ಮೆ ಉರುಳಿಸಿ ಸರಾಸರಿ ತೆಗೆಯಿರಿ, ಇಳಿಜಾರಿನ ಮೋಸ ಬಹುಮಟ್ಟಿಗೆ ಹೋಗುತ್ತದೆ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ನೆಲ ವರ್ಷದೊಳಗೇ ಎರಡು ವೇಷ ಹಾಕುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಗಟ್ಟಿಯಾದ ನೆಲದ ಮೇಲೆ ಬಿದ್ದ ಚೆಂಡು ಪುಟಿದು ದೂರ ಓಡುತ್ತದೆ. ಜುಲೈನಲ್ಲಿ ಅದೇ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ಹೂತ ಚೆಂಡನ್ನು ದಂಡವಿಲ್ಲದೆ ಎತ್ತಿ ಪಕ್ಕದಲ್ಲಿ ಬಿಡಬಹುದೆಂದು ನಿಯಮವೇ ಇದೆ. ಮಳೆನೀರು ತಾತ್ಕಾಲಿಕವಾಗಿ ನಿಂತ ಜಾಗಕ್ಕೂ ರಿಯಾಯಿತಿ ಇದೆ. ಬೆಳಗಾವಿಯಿಂದ ಜಾಂಬೋಟಿ ಮೇಲೆ ಚೋರ್ಲಾ ಘಾಟಿನ ಕಡೆ ಹೊರಟರೆ ನಲವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಕಣಕುಂಬಿ. ಅಲ್ಲಿನ ಮಳೆ ಬೆಳಗಾವಿ ನಗರದ ಮಳೆಯ ಎರಡು ಮೂರು ಪಟ್ಟು. ಅಲ್ಲಿ ಗಾಲ್ಫ್ ಮೈದಾನವೇನಾದರೂ ಇದ್ದಿದ್ದರೆ ಮಳೆಗಾಲದುದ್ದಕ್ಕೂ ಇಡೀ ಮೈದಾನವೇ ‘ತಾತ್ಕಾಲಿಕ ನೀರು’!

ಬೆಳಗಾವಿ ನಗರದ ಗಾಲ್ಫ್ ಮೈದಾನದ ಹೆಸರು ಎಂದೂ ಆಟ ನೋಡದವರ ಬಾಯಲ್ಲೂ ಬಂದದ್ದು 2022ರ ಆಗಸ್ಟ್‌ನಲ್ಲಿ. ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆಯೊಂದು ಮರಗಳೂ ಕುರುಚಲೂ ತುಂಬಿದ ಆ ವಿಸ್ತಾರವಾದ ಮೈದಾನವನ್ನು ಸೇರಿಕೊಂಡಿತು. ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ. ನಿಮ್ಮಲ್ಲಿ ಬೆಳಗಾವಿಯವರಿಗೆ ಆ ರಜೆ ನೆನಪಿರಬೇಕು. ಬೋನು ಇಟ್ಟರು, ಡ್ರೋನ್ ಹಾರಿಸಿದರು, ಸಕ್ರೆಬೈಲಿನ ಆನೆ ಬಿಡಾರದಿಂದ ಆನೆಗಳನ್ನು ತಂದರು. ವಾರಗಟ್ಟಲೆ ಹುಡುಕಿದರೂ ಚಿರತೆ ಸಿಗಲಿಲ್ಲ.

ಗಾಲ್ಫ್ ನಿಯಮ ಬರೆದವರು ಪ್ರಾಣಿಗಳನ್ನು ಮರೆತಿಲ್ಲ ಎಂಬುದು ಸ್ವಾರಸ್ಯ. ನಿಂತ ಚೆಂಡನ್ನು ನಾಯಿಯೋ ಕಾಗೆಯೋ ಕಚ್ಚಿಕೊಂಡು ಹೋದರೆ ದಂಡವಿಲ್ಲ, ಮೊದಲಿದ್ದ ಜಾಗದಲ್ಲೇ ಚೆಂಡಿಡಬೇಕು. ಚೆಂಡಿನ ಬಳಿ ಜೀವಕ್ಕೆ ಅಪಾಯವಾಗುವ ಪ್ರಾಣಿ ಇದ್ದರೆ ದೂರ ಹೋಗಿ ಆಡಬಹುದು. ಉದಾಹರಣೆಗೆಂದು ವಿಷದ ಹಾವು, ಕುಟುಕುವ ಜೇನು, ಮೊಸಳೆಯ ಜಾತಿಯ ಆಲಿಗೇಟರ್, ಬೆಂಕಿ ಇರುವೆ, ಕರಡಿ ಎಂದು ಹೆಸರಿಸಿದ್ದಾರೆ. ಚಿರತೆಯ ಹೆಸರಿಲ್ಲ. ಖಾನಾಪುರ ತಾಲ್ಲೂಕಿನವರೊಬ್ಬರು ಆ ಸಮಿತಿಯಲ್ಲಿದ್ದಿದ್ದರೆ ಖಂಡಿತ ಸೇರಿಸುತ್ತಿದ್ದರು.

ಮೈದಾನಗಳು ಇಷ್ಟು ಬೇರೆ ಬೇರೆ ಎಂದ ಮೇಲೆ ಒಂದು ಕಡೆ ಆಡಿದವನನ್ನು ಇನ್ನೊಂದು ಕಡೆ ಆಡಿದವನ ಜೊತೆ ಹೋಲಿಸುವುದು ಹೇಗೆ? ಈ ಪ್ರಶ್ನೆ ನಿಮಗೆ ಪರಿಚಿತವೇ. ಒಂದು ವಿಶ್ವವಿದ್ಯಾಲಯದ 86 ಅಂಕವೂ ಇನ್ನೊಂದರ 86 ಅಂಕವೂ ಸಮವೇ? ಪ್ರಶ್ನೆಪತ್ರಿಕೆ ಕಠಿಣವಾಗಿದ್ದ ವರ್ಷದವರಿಗೆ ನ್ಯಾಯ ಸಿಗುವುದು ಹೇಗೆ? ಪರೀಕ್ಷಾ ಮಂಡಳಿಗಳು ಇಂದಿಗೂ ಗುದ್ದಾಡುತ್ತಿರುವ ಸಮಸ್ಯೆಗೆ ಗಾಲ್ಫಿನವರು ತಕ್ಕಮಟ್ಟಿನ ಉತ್ತರ ಕಂಡುಕೊಂಡಿದ್ದಾರೆ. 2020ರಿಂದ ಜಗತ್ತಿನ ಬಹುಭಾಗಕ್ಕೆ ಅದು ಒಂದೇ ಪದ್ಧತಿ.

ಪ್ರತಿ ಮೈದಾನಕ್ಕೂ ಎರಡು ಅಂಕ ಕೊಡುತ್ತಾರೆ. ಪಳಗಿದ ಆಟಗಾರನೊಬ್ಬ ಸಾಮಾನ್ಯವಾಗಿ ಎಷ್ಟು ಹೊಡೆತಗಳಲ್ಲಿ 18 ಕುಳಿ ಮುಗಿಸಬಹುದು ಎಂಬುದು ಮೊದಲನೆಯದು, ಅದನ್ನು ಮೈದಾನದ ಮಟ್ಟ ಎನ್ನೋಣ. ಎರಡನೆಯದು ಇನ್ನೂ ಜಾಣತನದ್ದು. ಕಠಿಣ ಮೈದಾನ ಪಳಗಿದವನಿಗಿಂತ ಸಾಮಾನ್ಯನನ್ನು ಎಷ್ಟು ಹೆಚ್ಚು ಕಾಡುತ್ತದೆ ಎಂಬುದರ ಅಳತೆ ಅದು. ಇದು 55ರಿಂದ 155ರವರೆಗೆ ಇರಬಹುದು, 113ನ್ನು ನಡುಮಟ್ಟ ಎಂದಿಟ್ಟಿದ್ದಾರೆ. ಇದನ್ನು ಓರೆಯ ಅಂಕ ಎನ್ನೋಣ.

ಈಗ ಒಬ್ಬ ಹವ್ಯಾಸಿ ಭಾನುವಾರ ಸುಲಭದ ಮೈದಾನದಲ್ಲಿ 86 ಹೊಡೆತಗಳಲ್ಲಿ ಆಟ ಮುಗಿಸಿದ ಎನ್ನಿ. ಅಲ್ಲಿನ ಮಟ್ಟ 68, ಓರೆ 105. ಮುಂದಿನ ಭಾನುವಾರ ಕಠಿಣ ಮೈದಾನದಲ್ಲಿ ಅವನಿಗೆ 92 ಹೊಡೆತ ಬೇಕಾದವು. ಅಲ್ಲಿನ ಮಟ್ಟ 73, ಓರೆ 135. ಗಾಲ್ಫಿನಲ್ಲಿ ಕಡಿಮೆ ಹೊಡೆತವೇ ಮೇಲು, ಆದ್ದರಿಂದ ಮೊದಲ ದಿನವೇ ಚೆನ್ನಾಗಿ ಆಡಿದ ಎನಿಸುತ್ತದೆ. ಸೂತ್ರ ಹಾಕಿ: ಹೊಡೆತಗಳಿಂದ ಮಟ್ಟವನ್ನು ಕಳೆದು, 113ರಿಂದ ಗುಣಿಸಿ, ಓರೆಯಿಂದ ಭಾಗಿಸಿ. ಮೊದಲ ದಿನ 18 ಗುಣಿಸು 113 ಭಾಗಿಸು 105, ಅಂದರೆ 19.4. ಎರಡನೆಯ ದಿನ 19 ಗುಣಿಸು 113 ಭಾಗಿಸು 135, ಅಂದರೆ 15.9. ಆರು ಹೊಡೆತ ಹೆಚ್ಚು ತೆಗೆದುಕೊಂಡ ದಿನವೇ ಅವನು ಉತ್ತಮವಾಗಿ ಆಡಿದ್ದ! ಹೀಗೆ ಕೊನೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಅವನ ಹ್ಯಾಂಡಿಕ್ಯಾಪ್ ಸೂಚ್ಯಂಕ. ಹೊಸ ಮೈದಾನಕ್ಕೆ ಹೋದಾಗ ಇದೇ ಸೂತ್ರವನ್ನು ತಿರುಗಿಸಿ ಹಾಕಿ ಅವನಿಗೆ ಎಷ್ಟು ಹೊಡೆತಗಳ ರಿಯಾಯಿತಿ ಎಂದು ಹೇಳುತ್ತಾರೆ. ಐವತ್ತು ದಾಟಿದ ಹವ್ಯಾಸಿ ಇಪ್ಪತ್ತರ ಚುರುಕು ಹುಡುಗಿಯ ಜೊತೆ ಸಮಸಮವಾಗಿ ಪಂದ್ಯ ಆಡಲು ಸಾಧ್ಯವಾಗುವುದು ಇದರಿಂದಲೇ.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಅಡಿಪಾಯದ ಮೇಲೆ. ಮಾಮೂಲಿ ಆಟದಲ್ಲಿ ಅಂಪೈರ್ ಇರುವುದಿಲ್ಲ. ಪೊದೆಯೊಳಗೆ ಎಷ್ಟು ಬಾರಿ ಕೋಲು ಬೀಸಿದೆ ಎಂಬುದು ಅನೇಕ ವೇಳೆ ಆಟಗಾರನೊಬ್ಬನಿಗೇ ಗೊತ್ತು. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಹವ್ಯಾಸಿಯಾಗಿಯೇ ಆಡಿದ ಬಾಬಿ ಜೋನ್ಸ್, ಹುಲ್ಲಿನಲ್ಲಿ ತನ್ನ ಚೆಂಡು ತುಸು ಅಲುಗಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡ ಬರೆಸಿಕೊಂಡರು. ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ಒಂದೇ ಹೊಡೆತದಿಂದ ಸೋತರು. ಆ ದಂಡ ಇಲ್ಲದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ.

ಇನ್ನು ಮೊದಲ ಪ್ರಶ್ನೆ: ಇದು ಯಾರ ಆಟ? ನಮ್ಮಲ್ಲಿ ಹೆಚ್ಚಿನ ಮೈದಾನಗಳು ಕ್ಲಬ್ಬಿನವು ಇಲ್ಲವೆ ಸೈನ್ಯದವು, ಬೇಲಿಯ ಹೊರಗಿನವರಿಗೆ ಪ್ರವೇಶವಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಟದ ತವರಾದ ಸೇಂಟ್ ಆಂಡ್ರೂಸ್‌ನಲ್ಲಿ ಕ್ರಮವೇ ಬೇರೆ. ಅಲ್ಲಿನ ಹಳೆಯ ಮೈದಾನ ಸಾರ್ವಜನಿಕ ಭೂಮಿ, ಸಾಮಾನ್ಯವಾಗಿ ಭಾನುವಾರ ಆಟ ನಿಲ್ಲುತ್ತದೆ, ಊರಿನವರು ಮಕ್ಕಳು ನಾಯಿಗಳ ಸಮೇತ ಅದರ ಮೇಲೆ ಓಡಾಡುತ್ತಾರೆ. ನಮ್ಮಲ್ಲಿ ಬೇಲಿ ದಾಟಿದವರೂ ಇಲ್ಲದಿಲ್ಲ. ಬಿಡದಿ ಬಳಿಯ ಹಳ್ಳಿಯ ಚಿಕ್ಕರಂಗಪ್ಪ ಊರ ಪಕ್ಕದ ಗಾಲ್ಫ್ ಮೈದಾನದಲ್ಲಿ ಹುಡುಗನಾಗಿದ್ದಾಗಲೇ ಆಟ ಹಿಡಿದು, ದೇಶದ ವೃತ್ತಿಪರ ಪ್ರಶಸ್ತಿಗಳನ್ನು ಗೆಲ್ಲುವವರೆಗೆ ಬೆಳೆದರು. ಬೆಂಗಳೂರಿನ ಅದಿತಿ ಅಶೋಕ್ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಚಿಕ್ಕಂದಿನಲ್ಲಿ ಕಲಿತು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ನಡುವೆ ಇದ್ದದ್ದು ಒಂದೇ ಹೊಡೆತ.

ಬೇಲಿಗಿಂತ ದೊಡ್ಡ ಪ್ರಶ್ನೆ ನೀರಿನದು. ಕಣಕುಂಬಿ ಮಲಪ್ರಭೆಯ ಹುಟ್ಟೂರು. ಅಲ್ಲಿಂದ ಹೊರಟ ನೀರು ಖಾನಾಪುರ ದಾಟಿ, ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಹುಬ್ಬಳ್ಳಿ ಧಾರವಾಡದ ನಲ್ಲಿಗಳಿಗೂ ಹೋಗಿ, ಉಳಿದದ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಳಸಾ ಬಂಡೂರಿ ನಾಲೆಗಳಿಂದ ಇದೇ ಮಲಪ್ರಭೆಗೆ ನೀರು ತಿರುಗಿಸಬೇಕೆಂದು ಎಷ್ಟು ವರ್ಷ ಹೋರಾಟ ನಡೆಯಿತೆಂದು ನಿಮಗೆ ಗೊತ್ತು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಅದಕ್ಕೆಂದು ಕೊಟ್ಟದ್ದು 3.9 ಟಿ.ಎಂ.ಸಿ. ಒಂದೊಂದು ಹನಿಗೂ ಲೆಕ್ಕವಿರುವ ನದಿ ಇದು.

ಈಗ 18 ಕುಳಿಗಳ ಮೈದಾನವೊಂದರಲ್ಲಿ 30 ಹೆಕ್ಟೇರ್ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ನೀರು ಹಾಯಿಸುತ್ತಾರೆ ಎಂದಿಟ್ಟುಕೊಳ್ಳಿ. 30 ಹೆಕ್ಟೇರ್ ಎಂದರೆ ಮೂರು ಲಕ್ಷ ಚದರ ಮೀಟರ್. 0.004 ಮೀಟರಿನಿಂದ ಗುಣಿಸಿದರೆ 1,200 ಘನ ಮೀಟರ್, ಅಂದರೆ ದಿನಕ್ಕೆ 12 ಲಕ್ಷ ಲೀಟರ್. ಹಳ್ಳಿಯ ಮನೆಗಳಿಗೆ ಜಲ ಜೀವನ್ ಮಿಷನ್ ಗೊತ್ತುಮಾಡಿದ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಭಾಗಿಸಿ ನೋಡಿ, ಇಪ್ಪತ್ತೊಂದು ಸಾವಿರ ದಾಟುತ್ತದೆ. ಮಳೆ ಸುರಿಯುವ ಊರಿಗೆ ನೀರಿನ ಚಿಂತೆ ಏಕೆ ಎನ್ನಬೇಡಿ. ಘಟ್ಟದ ಜಂಬಿಟ್ಟಿಗೆ ಕಲ್ಲಿನ ನೆಲ ಜರಡಿಯಂತೆ. ನಾಲ್ಕು ತಿಂಗಳ ಮಳೆ ಇಳಿದು ಹರಿದುಹೋದ ಮೇಲೆ ಬೇಸಿಗೆ ಅಲ್ಲಿಯೂ ಬೇಸಿಗೆಯೇ.

ಆದ್ದರಿಂದ ಕಣಕುಂಬಿಯಲ್ಲಿ ಗಾಲ್ಫ್ ಮೈದಾನ ಇಲ್ಲದಿರುವುದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಪಕ್ಕದಲ್ಲೇ 2011ರಲ್ಲಿ ಘೋಷಿತವಾದ ಭೀಮಗಡ ವನ್ಯಧಾಮ ಬೇರೆ ಇದೆ. ಆಟವೇ ಬೇಡವೆಂದಲ್ಲ. ಶುದ್ಧೀಕರಿಸಿದ ಕೊಳಚೆ ನೀರಿನಲ್ಲಿ ಹುಲ್ಲು ಬೆಳೆಸುವ ದಾರಿ ನಗರದ ಮೈದಾನಗಳಿಗಿದೆ. ಒಣ ಸೀಮೆಯಲ್ಲಿ ಫೇರ್‌ವೇಯನ್ನು ಮಳೆಗೆ ಬಿಟ್ಟು, ಗ್ರೀನ್‌ಗಳಿಗೆ ಮಾತ್ರ ನೀರು ಹಾಯಿಸುವ ದಾರಿಯೂ ಇದೆ. ಒಂದೊಂದು ಗ್ರೀನ್ 500 ಚದರ ಮೀಟರ್ ಎಂದರೆ 18ಕ್ಕೆ 9,000 ಚದರ ಮೀಟರ್, ದಿನಕ್ಕೆ 36 ಸಾವಿರ ಲೀಟರ್. ಹನ್ನೆರಡು ಲಕ್ಷದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿ. ಎಣ್ಣೆ ಮರಳಿನ ಬ್ರೌನ್ ಆದರೆ ಅಷ್ಟೂ ಬೇಡ, ಹಲಗೆ ಎಳೆಯಲು ಒಬ್ಬ ಆಳು ಸಾಕು.